ಹಕಾರಕ್ಕೆ ಒಂದು ಕೊಂಬು

ಹಸಿರು, ಅವನ ತುಟಿಯ ತುದಿಯಲ್ಲಿ ಅದೇನದು ಹಸಿರು, ಊಟ ಮಾಡಿ ಬಾಯಿ ಒರೆಸಿಕೊಂಡಿಲ್ಲವೇ ಈ ಹುಡುಗ ಅಂದುಕೊಂಡೆ ಮೊದಲು, ಆಮೇಲೆ ನೋಡಿದರೆ ಎರಡು, ಎಡಕ್ಕೊಂದು ಬಲಕ್ಕೊಂದು, ಕೋರೆಹಲ್ಲು ಇರಬೇಕಾದ ಜಾಗದಲ್ಲಿ ಎರಡು ಎಸಳು ಹುಲ್ಲು — ಅಯ್ಯೋ ದೇವರೇ, ಇವನು ನನ್ನವನು, ನಾನೇ ಬರೆದವನು, ನನ್ನ ಕಾದಂಬರಿಯ ರಕ್ತಪಿಶಾಚಿ, ಮುನ್ನೂರು ವರ್ಷ ಕಳೆದರೂ ಹತ್ತೊಂಬತ್ತು ದಾಟದವನು, ಮುದ್ರಣಾಲಯದ ಈ ಕರಡು ತಿದ್ದುವ ಕೋಣೆಯಲ್ಲಿ, ಮಟಮಟ ಮಧ್ಯಾಹ್ನ, ಕಾಗದದ ರೀಮುಗಳ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಾನೆ, ಪಕ್ಕದಲ್ಲಿ ಅವಳು, ಅವನು ಪ್ರೀತಿಸುವ ಹುಡುಗಿ, ಅವಳನ್ನೂ ಬರೆದದ್ದು ನಾನೇ, ಎಡಗಡೆ ಮಾತ್ರ ಕೆನ್ನೆಗುಳಿ, ಸೊಟ್ಟ ಜಡೆ, ಒಂದು ಚೂರೂ ಬದಲಾಗಿಲ್ಲ, ಕಂಡ ಕೂಡಲೇ ಗುರುತು ಸಿಗುವ ಹಾಗೆ ಬರೆದಿದ್ದೇನಲ್ಲ, ಭೇಷ್ ಕಣೇ. ಹೆದರಿಕೆ ಆಮೇಲೆ ಬಂತು, ಮೊದಲು ಬಂದದ್ದು ಹೆಮ್ಮೆ, ಸುಳ್ಳೇಕೆ ಹೇಳಲಿ, ಮೂರು ವರ್ಷದಿಂದ ಈ ಕುರ್ಚಿಯಲ್ಲಿ ಕೂತು ಊರವರ ಬರಹವನ್ನೆಲ್ಲ ತಿದ್ದಿದ್ದೇನೆ, ಎಂತೆಂಥ ದೊಡ್ಡವರದ್ದು, ಅದರಲ್ಲಿ ಯಾರಾದರೂ ಹೀಗೆ ಹಾಳೆಯಿಂದ ಎದ್ದು ಬಂದು ನೀರು ಕೊಡಿ ಅಂದರಾ, ಬಂದದ್ದು ನನ್ನವರು, ನನ್ನ ಮೊದಲ ಪುಸ್ತಕದವರು.

ಆದರೆ ಹುಲ್ಲು ಯಾಕೆ, ಕರಡು ಹಾಳೆ ಎಳೆದುಕೊಂಡೆ, ನೂರಾ ಹನ್ನೆರಡನೇ ಪುಟ, ಅವಳ ಕತ್ತಿನ ಬಳಿ ಬಾಗಿದಾಗ ಅವನ ತುಟಿಗಳ ನಡುವೆ ಚೂಪಾದ ಎರಡು ಹುಲ್ಲು ಇಣುಕಿದವು — ಹಲ್ಲು ಹೋಗಿ ಹುಲ್ಲು, ಹಕಾರಕ್ಕೆ ಒಂದು ಕೊಂಬು ಜಾಸ್ತಿ, ಟೈಪು ಮಾಡಿದ್ದು ನಾನೇ, ಮೂರು ಸಲ ಓದಿದ್ದೂ ನಾನೇ, ಥೂ, ನನ್ನ ಕೈಯಲ್ಲಿ ತಪ್ಪು! ಇಲ್ಲಿ ಎಲ್ಲರೂ ನನ್ನನ್ನು ಕಾಗುಣಿತ ಅಂತಲೇ ಕರೆಯುವುದು, ನಿಜವಾದ ಹೆಸರು ಮರೆತೇ ಹೋಗಿದೆ ಅವರಿಗೆ, ಕಾಗುಣಿತ ಇದೊಂದು ನೋಡಮ್ಮ, ಕಾಗುಣಿತ ಸಹಿ ಹಾಕಿದ್ಮೇಲೆ ಮುಗೀತು ಬಿಡಿ. ಮೂರು ಗಂಟೆಗೆ ಮಷಿನ್ ಅಣ್ಣ ಮೇಲೆ ಬರುತ್ತಾರೆ, ಸಹಿ ಮಾಡಿದ ಕರಡು ಒಯ್ಯುತ್ತಾರೆ, ಆಮೇಲೆ ಅಚ್ಚು, ಆಮೇಲೆ ಅಮ್ಮ. ಅಮ್ಮ! ಮೂವತ್ತು ವರ್ಷ ಶಾಲೆಯಲ್ಲಿ ಮಕ್ಕಳಿಗೆ ಒತ್ತಕ್ಷರ ತಿದ್ದಿಸಿದವಳು, ಯಾವ ಪುಸ್ತಕವೇ ಆಗಲಿ ಮೊದಲ ಅಕ್ಷರದೋಷ ಕಂಡಲ್ಲಿಗೆ ಮುಚ್ಚಿಡುತ್ತಾಳೆ, ಮತ್ತೆ ತೆರೆಯುವುದಿಲ್ಲ, ಕೊಲೆ ಮಾಡಿದವನು ಯಾರು ಅಂತ ತಿಳಿಯಲು ಎರಡೇ ಪುಟ ಬಾಕಿ ಇದ್ದಾಗಲೂ ಮುಚ್ಚಿದ್ದನ್ನು ಕಣ್ಣಾರೆ ಕಂಡಿದ್ದೇನೆ. ದೆವ್ವ ಅಂತೆ ಪ್ರೀತಿ ಅಂತೆ, ಏನಾದ್ರೂ ಬರ್ಕೋ, ಒಂದು ತಪ್ಪೂ ಇರಬಾರ್ದು, ಹಾಗಿದ್ರೆ ಓದ್ತೀನಿ, ಕೊನೆವರ್ಗೂ ಓದ್ತೀನಿ. ಅಷ್ಟು ಅಂದದ್ದೇ ದೊಡ್ಡದು, ನಾನು ಬರೆದ ಒಂದು ಸಾಲನ್ನೂ ಚೆನ್ನಾಗಿದೆ ಅಂದವಳಲ್ಲ ಅವಳು, ನೂರಾ ಅರವತ್ತು ಪುಟದ ಪುಸ್ತಕದಲ್ಲಿ ಕೊನೆಯ ಪುಟವನ್ನು ಅವಳು ಓದಲಿ ಅಂತಲೇ ಏಳು ಸಲ ತಿದ್ದಿ ಬರೆದಿದ್ದೇನೆ, ಆ ಮುಖ ಆಗ ಹೇಗಿರುತ್ತದೆ ಅಂತ ನೋಡಬೇಕು ನಾನು, ನೋಡಲೇಬೇಕು.

ಏನು ಮಹಾ, ಒಂದು ಕೊಂಬು ತಾನೇ, ಕೆಂಪು ಪೆನ್ನಿನಲ್ಲಿ ಒಂದು ಗೀಟು, ಎಳೆದೇಬಿಟ್ಟೆ, ಅವರಿಬ್ಬರ ಮುಖ ಕೂಡ ನೋಡದೆ. ಕಟಕ್ ಅಂದಿತು. ಹಲ್ಲು, ಬಿಳಿ, ಚೂಪು, ನಾನು ಅಂದುಕೊಂಡಿದ್ದಂತೆಯೇ, ಅವನ ಕಣ್ಣೂ ಬೇರೆಯಾಯಿತು, ಅಲ್ಲಿಯವರೆಗೆ ಅವಳ ಕೈ ಹಿಡಿದುಕೊಂಡಿದ್ದವನು ಈಗ ಅವಳ ಕತ್ತನ್ನೇ ನೋಡುತ್ತಿದ್ದಾನೆ, ಹಸಿದವನು ತಟ್ಟೆ ನೋಡುವ ಹಾಗೆ, ಮುಂದಿನ ಪುಟದಲ್ಲಿ ಕಚ್ಚುತ್ತಾನೆ, ಕಚ್ಚಿದರೆ ಅವಳೂ ಅವನಂತೆ, ಸಾವಿಲ್ಲದವಳು, ಎಂದೆಂದಿಗೂ ಹತ್ತೊಂಬತ್ತು, ಎಂಥ ಪ್ರೇಮ ಎಂಥ ಪ್ರೇಮ ಅಂತ ಬರೆಯುವಾಗ ನಾನೇ ಅತ್ತಿದ್ದೆ — ಅಕ್ಕಾ, ಬೇಡ ಅಕ್ಕಾ, ಅಂದಳು ಅವಳು, ನಾನು ಮುದುಕಿ ಆಗ್ಬೇಕು. ಏನಂದೆ? ಮುದುಕಿ ಆಗ್ಬೇಕು, ತಲೆ ನರೀಬೇಕು, ಮಂಡಿ ನೋವು ಅಂತ ಇವನ ತಲೆ ತಿನ್ಬೇಕು, ಬಿಸಿಲಲ್ಲಿ ಬಟ್ಟೆ ಒಣಗಿಸ್ಬೇಕು, ಬರೆಯೋ ಮುಂಚೆ ಒಂದ್ಸಲನಾದ್ರೂ ನನ್ನ ಕೇಳಿದ್ರಾ ನೀವು. ಕೇಳಿರಲಿಲ್ಲ. ಅವನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಗೋಡೆಗೆ ಒತ್ತಿ ನಿಂತಿದ್ದಾನೆ, ಬೇಗ ಏನಾದ್ರೂ ಮಾಡಿ, ತಡ್ಕೊಳ್ಳಕ್ಕೆ ಆಗ್ತಿಲ್ಲ, ಈಗಷ್ಟೇ ಇವಳ ಪಕ್ಕ ಸುಮ್ನೆ ಕೂತಿದ್ದೆ, ಹಸಿವೇ ಇರ್ಲಿಲ್ಲ, ಮುನ್ನೂರು ವರ್ಷದಲ್ಲಿ ಮೊದಲ್ನೇ ಸಲ, ಎಷ್ಟು ಚೆನ್ನಾಗಿತ್ತು ಗೊತ್ತಾ. ಗೊತ್ತಿಲ್ಲ, ನನಗೆಲ್ಲಿ ಗೊತ್ತು, ಇಬ್ಬರನ್ನೂ ಬರೆದವಳು ನಾನು, ಇದೊಂದು ಮಾತ್ರ ನಾನು ಬರೆದದ್ದಲ್ಲ.

ಕರಡು ತಿದ್ದುವವರಿಗೆ ಒಂದು ಗುರುತಿದೆ, ಹೊಡೆದುಹಾಕಿದ್ದನ್ನು ಮತ್ತೆ ಉಳಿಸಬೇಕಾದರೆ ಅಕ್ಷರದ ಕೆಳಗೆ ಚುಕ್ಕಿಗಳನ್ನಿಟ್ಟು ಅಂಚಿನಲ್ಲಿ ‘ಇರಲಿ’ ಅಂತ ಬರೆಯುವುದು, ಮೂರು ವರ್ಷದಲ್ಲಿ ಒಮ್ಮೆಯೂ ಬರೆದಿಲ್ಲ ನಾನು, ಹೊಡೆದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವ ಪೈಕಿಯವಳೇ ಅಲ್ಲ, ಮೆಟ್ಟಿಲ ಮೇಲೆ ಮಷಿನ್ ಅಣ್ಣನ ಚಪ್ಪಲಿ ಸದ್ದು, ಓದುವವರು ಬಿದ್ದು ಬಿದ್ದು ನಗುತ್ತಾರೆ, ಹುಲ್ಲಿನ ಪಿಶಾಚಿ ಅನ್ನುತ್ತಾರೆ, ನಗಲಿ, ಅಮ್ಮ ಮುಚ್ಚುತ್ತಾಳೆ, ನೂರಾ ಹನ್ನೆರಡರಲ್ಲೇ ಮುಚ್ಚುತ್ತಾಳೆ, ಅವನ ಕೈ ಬಾಯಿಂದ ಜಾರುತ್ತಿದೆ, ಚುಕ್ಕಿ, ಚುಕ್ಕಿ, ಚುಕ್ಕಿ, ಇರಲಿ. ಇರಲಿ ಅಂತ ದುಂಡಗೆ ಬರೆದೆ, ಕೆಳಗೆ ಸಹಿ. ಹಸಿರು. ಅವಳು ಎದ್ದು ಹೋಗಿ ಒಂದು ಎಸಳನ್ನು ಹಿಡಿದು ಎಳೆದಳು, ಆಯ್, ನೋಯುತ್ತೆ ಕಣೇ, ಅಂದ ಅವನು, ಇನ್ನು ಮುಂದಿನ ಪುಟದಲ್ಲಿ ಎಷ್ಟು ಬೇಕಾದರೂ ಕಚ್ಚಲಿ, ಕಚಗುಳಿಯಾಗುತ್ತದೆ ಅಷ್ಟೇ. ಮಷಿನ್ ಅಣ್ಣ ಹಾಳೆ ಎತ್ತಿ ನೋಡಿದರು, ಏನಮ್ಮ ಕಾಗುಣಿತ, ಹುಲ್ಲು ಅಂತಿದೆಯಲ್ಲ, ಹಲ್ಲು ಅಲ್ವಾ. ಹುಲ್ಲೇ ಅಣ್ಣ. ಅಲ್ಲಮ್ಮ, ನಾಳೆ ಜನ ನಿನ್ನೇ ಆಡ್ಕೋತಾರೆ. ಸಹಿ ನಂದೇ ತಾನೇ, ಹಾಕಿ ಅಚ್ಚಿಗೆ. ಏನು, ಇವತ್ತು ನಿಂಗೇನು ಕೊಂಬು ಬಂದಿದೆಯಾ? ಬಂದಿದೆ ಅಣ್ಣ, ಒಂದು. ತಲೆ ಚಚ್ಚಿಕೊಂಡು ಇಳಿದುಹೋದರು, ಅವರ ಹಿಂದೆಯೇ ಅವರಿಬ್ಬರೂ, ಕಿಟಕಿಯಿಂದ ನೋಡಿದೆ, ಬೀದಿಯ ಬಿಸಿಲಿಗೆ ಅವನು ಮೊದಲು ಒಂದು ಕಾಲಿಟ್ಟ, ಸುಡಲಿಲ್ಲ, ಆಮೇಲೆ ಇನ್ನೊಂದು, ಅವಳು ದರದರ ಎಳೆದುಕೊಂಡೇ ಹೋದಳು, ತಿರುಗಿ ಕೂಡ ನೋಡಲಿಲ್ಲ ಕತ್ತೆಗಳು, ಎದೆ ಉಬ್ಬಿ ಬಂತು ನನಗೆ, ನನ್ನವರು.

ಕೆಳಗೆ ಯಂತ್ರ ಶುರುವಾಗಿದೆ, ನೆಲ ಗುಡುಗುಡು ಅನ್ನುತ್ತಿದೆ, ಸಾವಿರ ಪ್ರತಿ, ಅದರಲ್ಲೊಂದು ಅಮ್ಮನಿಗೆ, ನಾನೇ ಕೊಡುತ್ತೇನೆ, ಕನ್ನಡಕ ಏರಿಸುತ್ತಾಳೆ, ಬೆರಳು ಸಾಲಿನ ಕೆಳಗೆ ಓಡುತ್ತದೆ, ನೂರಾ ಹತ್ತು, ಬೆರಳು ಓಡುತ್ತದೆ, ನೂರಾ ಹನ್ನೊಂದು, ಓಡುತ್ತದೆ, ಅವಳ ಕತ್ತಿನ ಬಳಿ ಬಾಗಿದಾಗ, ಬೆರಳು ನಿಲ್ಲುತ್ತದೆ — ತಪ್ಪಲ್ಲ ಅಮ್ಮಾ, ಅಂದರೆ ತಪ್ಪೇ, ನನ್ನದೇ, ಗೊತ್ತಿದ್ದೂ ಬಿಟ್ಟದ್ದು, ಒಬ್ಬಳು ಮುದುಕಿಯಾಗಬೇಕಿತ್ತು ಅದಕ್ಕೆ, ಮುಚ್ಚುವುದಾದರೆ ಮುಚ್ಚು, ನಾನು ತಲೆ ತಗ್ಗಿಸುವುದಿಲ್ಲ — ಬೆರಳು ನಿಂತಿದೆ, ಮುಂದಕ್ಕೆ ಹೋಗುತ್ತಿಲ್ಲ, ಪುಸ್ತಕ ಮುಚ್ಚುತ್ತಲೂ ಇಲ್ಲ, ಉಗುರಿನ ತುದಿ ಆ ಅಕ್ಷರದ ಕೆಳಗೆ, ಅಮ್ಮನ ಬೆರಳು, ನಿಂತೇ ಇದೆ.