ಡಬ್ಬಿಯಕ್ಕನ ಹೆಬ್ಬೆರಳು

೧
ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ಸ್ಕೂಟರಿನಿಂದಲೋ, ವಿಚಾರಣೆಯ ಕೋಣೆಯಿಂದಲೋ? ಸ್ಕೂಟರಿನಿಂದ ಶುರುಮಾಡಿ ಒಂದು ಪುಟ ಬರೆದೆ. ಎಂಥ ಪುಟ ಅಂತೀರಿ! ಓದಿದ್ದರೆ ಕಲ್ಲೂ ಕರಗಿ ಹೊಳೆಯಾಗುತ್ತಿತ್ತು. ಹರಿದುಹಾಕಿದೆ. ಡಬ್ಬಿಯಕ್ಕನಿಗೆ ಅಳುವವರು ಬೇಕಿರಲಿಲ್ಲ.

(ಬೆನ್ನ ಮೇಲೆ ಚೌಕನೆಯ ಡಬ್ಬಿ ಹೊತ್ತು ಮನೆಮನೆಗೆ ಊಟ ತಲುಪಿಸುವವಳು ಅವಳು. ಆ ಡಬ್ಬಿಯೊಳಗೆ ಒಂದು ಸಂಸಾರ ಬಾಡಿಗೆಗಿರಬಹುದು. ನಾನು ಉತ್ಪ್ರೇಕ್ಷೆ ಮಾಡುವವನಲ್ಲ.)

೨
ಈ ಅಧ್ಯಾಯವನ್ನು ತೆಗೆದುಹಾಕಿದ್ದೇನೆ. ಇದರಲ್ಲಿ ನನ್ನನ್ನೇ ಹೊಗಳಿಕೊಂಡಿದ್ದೆ, ಅದೂ ಸಾಲದಾಗಿತ್ತು.

೩
ಕಾರ್ಮಿಕ ಅಧಿಕಾರಿಯ ಕೋಣೆ. ಪ್ರಶ್ನೆ ಒಂದೇ: ಡಬ್ಬಿಯಕ್ಕ ಊಟದ ಆ್ಯಪ್ ಕಂಪನಿಯ ಕೆಲಸಗಾರ್ತಿಯೋ, ಪಾರ್ಟ್‌ನರೋ? ಕೆಲಸಗಾರ್ತಿಯಾದರೆ ಹೋಟೆಲಿನ ಬಾಗಿಲಲ್ಲಿ ಕಾದ ಹೊತ್ತಿಗೂ ಕನಿಷ್ಠ ಕೂಲಿ. ಪಾರ್ಟ್‌ನರಾದರೆ ಕಾದದ್ದು ಅವಳ ಹಣೆಬರಹ.

"ಆರ್ಡರ್ ಬೇಡ ಅಂದ್ರೆ ಯಾಕೆ ಅಂತ ಯಾರೂ ಕೇಳಲ್ಲ ಮೇಡಂ. ಅವರ ಬಾಸ್ ಅವರೇ," ಎಂದರು ಕಂಪನಿಯ ವಕೀಲರು.

ಇಲ್ಲಿ ಅಕ್ಕನ ಬಾಯಿಗೆ ನಾನೊಂದು ಭಾಷಣ ಇಟ್ಟಿದ್ದೆ. ಕೇಳಿದರೆ ಗೋಡೆಗಳೇ ಚಪ್ಪಾಳೆ ತಟ್ಟಬೇಕು. ಅಕ್ಕ ಎದ್ದಳು, ಗಂಟಲು ಸರಿಮಾಡಿಕೊಂಡಳು. "ಮೇಡಂ, ನಾನು..."

ಟಣ್!

ಬೆಳಿಗ್ಗೆ ಆ್ಯಪ್ ಆಫ್ ಮಾಡಲು ಮರೆತಿದ್ದಳು. ಮೇಜಿನ ಮೇಲಿದ್ದ ಫೋನಿಗೆ ಆರ್ಡರ್ ಬಂತು. ಮಾತು ಅಲ್ಲೇ ನಿಂತಿತು. ಹೆಬ್ಬೆರಳು ತಾನಾಗಿ ಹೋಗಿ 'ಒಪ್ಪಿಗೆ' ಒತ್ತಿತು. ಇನ್ನೊಂದು ಕೈ ಆಗಲೇ ಡಬ್ಬಿ ಹುಡುಕುತ್ತಿತ್ತು.

"ಅಯ್ಯೋ ಅಕ್ಕಾ, ಕೆಡಿಸಿದ್ಯಲ್ಲ!" ಹಿಂದಿನ ಬೆಂಚಿನಲ್ಲಿದ್ದ ಜೊತೆಗಾರ ಸವಾರ ಉದ್ದಣ್ಣ ಹಣೆ ಚಚ್ಚಿಕೊಂಡ.

(ನಾನೂ ಚಚ್ಚಿಕೊಂಡೆ. ಭಾಷಣ ದಂಡ.)

೪
ಅಧಿಕಾರಿ ಕನ್ನಡಕ ತೆಗೆದರು. "ಯಾಕಮ್ಮಾ ಒತ್ತಿದ್ರಿ? ವಿಚಾರಣೆ ನಡೀತಿದೆಯಲ್ಲ?"

"ತಪ್ಪಾಯ್ತು ಮೇಡಂ, ಕೈ ಮಾತು ಕೇಳಲ್ಲ. ಮಗಳ ಹೆರಿಗೆ ವಾರ್ಡಿನ ಹೊರಗೆ ನಿಂತೂ ಒತ್ತಿದೀನಿ. ಒತ್ತದಿದ್ರೆ ನಾಳೆ ಮಧ್ಯಾಹ್ನದವರೆಗೂ ಒಂದು ಆರ್ಡರೂ ಕೊಡಲ್ಲ."

"ಯಾರು ಕೊಡಲ್ಲ?"

ಅಕ್ಕ ವಕೀಲರ ಕಡೆ ತಿರುಗಿದಳು. "ಇವರನ್ನೇ ಕೇಳಿ. ನನ್ನ ಬಾಸ್ ನಾನೇ ಅಂತೆ. ನಾನಂತೂ ಕೊಡಬೇಡ ಅಂದಿಲ್ಲ."

ವಕೀಲರು ನೀರು ಕುಡಿದರು, ಒಂದು ಕೆರೆಯಷ್ಟು. ಅಧಿಕಾರಿ ಟೈಪಿಸ್ಟಿಗೆ ಹೇಳಿದರು: "ಈಗ ನಡೆದದ್ದನ್ನ ಪೂರ್ತಿ ಬರ್ಕೊಳ್ಳಿ. ಒತ್ತಿದ್ದೂ ಸೇರಿಸಿ."

೫
ನನ್ನ ಬಳಿ ಮುಕ್ತಾಯಗಳಿಗೇನು ಬರವೇ? ಒಂದರಲ್ಲಿ ಅವಳು ಗೆಲ್ಲುತ್ತಾಳೆ, ಊರಿಗೆ ಊರೇ ಹಾರ್ನ್ ಹೊಡೆಯುತ್ತದೆ. ಇನ್ನೊಂದರಲ್ಲಿ ಸೋತು ಮೇಲ್ಮನವಿ ಹಾಕುತ್ತಾಳೆ. ಮತ್ತೊಂದರಲ್ಲಿ...

"ಯಾವುದೂ ಬೇಡ ಸ್ವಾಮಿ," ಎಂದಳು ಅಕ್ಕ, ಹೆಲ್ಮೆಟ್ ಹಾಕಿಕೊಳ್ಳುತ್ತ. ಅವಳ ಸಾಕ್ಷಿ ಮುಗಿದಿತ್ತು; ಒಪ್ಪಿಕೊಂಡ ಊಟ ಆರುತ್ತಿತ್ತು.

"ಗೆಲ್ಲಿಸ್ತೀನಿ ಕಣಮ್ಮಾ! ಕಾಗದದ ಮೇಲೆ ನಾನೇ ಸರ್ಕಾರ," ಎಂದೆ.

"ನೀವು ಗೆಲ್ಲಿಸಿಬಿಟ್ರೆ ಈ ಉದ್ದಣ್ಣ ಸಾಕ್ಷಿ ಹೇಳದೆ ಮನೆಗೆ ಹೋಗ್ತಾನೆ, ಹೆಂಗೂ ಗೆದ್ವಲ್ಲ ಅಂತ. ಸುಮ್ನಿರಿ."

ಮುಕ್ತಾಯಗಳನ್ನೆಲ್ಲ ಮಡಚಿ ಜೇಬಿಗಿಟ್ಟುಕೊಂಡೆ. ಅಷ್ಟರಲ್ಲಿ ಉದ್ದಣ್ಣ ಎದ್ದು ಬಂದು, ತನ್ನ ಫೋನನ್ನು ಅಧಿಕಾರಿಯ ಮುಂದಿಟ್ಟು ಆ್ಯಪ್ ಆನ್ ಮಾಡಿ ಕೈಕಟ್ಟಿ ನಿಂತ. "ಈಗ ಬರೋದನ್ನ ಬೇಡ ಅಂತೀನಿ ಮೇಡಂ. ಏನಾಗುತ್ತೆ ನೀವೇ ನೋಡಿ."

ಎಲ್ಲರೂ ಮುಂದಕ್ಕೆ ಬಾಗಿದರು. ವಕೀಲರೂ. ಪರದೆ ಬೆಳಗಿತು.

ನೀವೂ ಬಾಗಿ ನೋಡಿ. ನನ್ನ ತಲೆ ಅಡ್ಡ ಬಂದರೆ ಹೇಳಿ, ಸರಿದುಕೊಳ್ಳುತ್ತೇನೆ.