ಚಾಪೆಯಡಿಯ ನೇರಪ್ರಸಾರ

ಇಡೀ ಸವಾಯಿ ದ್ವೀಪದಲ್ಲಿ ನನ್ನಷ್ಟು ಚುರುಕಾಗಿ ಫೋನ್ ಒತ್ತುವವನಿಲ್ಲ. ನಾನು ಬೆಳಿಗ್ಗೆ ಹಾಕಿದ ಸುದ್ದಿ ಮಧ್ಯಾಹ್ನದೊಳಗೆ ಆಕ್ಲೆಂಡ್ ಮುಟ್ಟಿ, ಸಿಡ್ನಿ ಸುತ್ತಿ, ಚಂದ್ರನ ಬಾಗಿಲನ್ನೂ ತಟ್ಟಿರುತ್ತದೆ.

ನಮ್ಮೂರಿನಲ್ಲಿ ಪಟ್ಟದ ಹೆಸರಿಲ್ಲದವರಿಗೆ ಮುಖಂಡರ ಸಭೆಯಲ್ಲಿ ಬಾಯಿಲ್ಲ. ನನ್ನಕ್ಕ ಫಿಲೆಮುಗೂ ಇರಲಿಲ್ಲ. ಊರಿಗೆಂದು ಬಂದ ನೀರಿನ ಕೊಳವೆಗಳೆಲ್ಲ ಹಿರಿಯ ಮುಖಂಡ ಲಫೋಗಾನ ಬಾಳೆತೋಟಕ್ಕೇ ಯಾಕೆ ಹೋದವು ಎಂದು ಬಟ್ಟೆ ಒಗೆಯುತ್ತ ಕೇಳಿದಳು. ಕೇಳಿದ್ದು ನನ್ನೊಬ್ಬನನ್ನು. ನಾನು ಅದನ್ನು ಫೋಟೊ ಸಮೇತ ಲೋಕಕ್ಕೆಲ್ಲ ಕೇಳಿಸಿದೆ, ಅವಳ ಹೆಸರಿನಲ್ಲೇ. ಮಾತು ಅವಳದೇ ತಾನೆ?

ಶನಿವಾರ ಊರು ಬಿಡಬೇಕೆಂದು ಸಭೆ ಹೇಳಿತು. ನನಗಲ್ಲ, ಅವಳಿಗೆ. ಹಾಕಿದ್ದು ನಾನು ಎಂದು ಹೇಳಲು ಎರಡು ಸಲ ಲಫೋಗಾನ ಮನೆಗೆ ಹೋದೆ. ಎರಡು ಸಲವೂ ಗಾಳಿ-ಮಳೆಯ ಮಾತಾಡಿ ವಾಪಸ್ಸು ಬಂದೆ.

ಉಳಿದದ್ದು ಇಫೋಗ ಒಂದೇ. ತಪ್ಪು ಮಾಡಿದವರು ನೊಂದವರ ಮನೆಯೆದುರು ನಯದ ಚಾಪೆ ಹೊದ್ದು, ತಲೆ ಬಗ್ಗಿಸಿ, ಬಾಯಿ ಮುಚ್ಚಿ ಕೂರಬೇಕು. ಅವರು ಬಂದು ಚಾಪೆ ಎತ್ತಿದರೆ ಕ್ಷಮಿಸಿದ ಹಾಗೆ. ಶುಕ್ರವಾರ ಬೆಳಕು ಹರಿಯುವಾಗಲೇ ಅಕ್ಕನೂ ನಾನೂ ಲಫೋಗಾನ ಮನೆಯೆದುರು ಕೂತೆವು. ಕೂರುವ ಮುಂಚೆ ಫೋನನ್ನು ದೀವಿಹಲಸಿನ ಮರಕ್ಕೆ ಒರಗಿಸಿ ನೇರಪ್ರಸಾರ ಹಚ್ಚಿದ್ದೆ. ಲೋಕವೇ ನೋಡುತ್ತಿದ್ದರೆ ಮುದುಕ ಹೇಗೆ ಎತ್ತದೆ ಹೋಗುತ್ತಾನೆ?

ಬಿಸಿಲೇರಿತು. ನನ್ನ ಮೊಣಕಾಲುಗಳು ಸತ್ತು ಸ್ವರ್ಗ ಸೇರಿದವು. ಕೊನೆಗೂ ಲಫೋಗಾ ಬಂದ. ಚಾಪೆಯ ಅಂಚು ಗೇಣುದ್ದ ಮೇಲೆದ್ದಿತು, ಅವನ ಕಾಲ್ಬೆರಳುಗಳು ಕಂಡವು. ಅಕ್ಕ ಉಸಿರು ಬಿಟ್ಟಳು. ಅಷ್ಟರಲ್ಲಿ ಅವನಿಗೆ ಫೋನು ಕಂಡಿತು.

"ಏನೋ ಅದು? ಯಾರಾದ್ರೂ ನೋಡ್ತಿದಾರಾ?"

"ಒಂದು ಲಕ್ಷ ಜನ, ಹಿರಿಯರೇ," ಎಂದೆ ಒಳಗಿನಿಂದಲೇ. "ಎಲ್ರೂ ನಮ್ಮ ಕಡೆ."

ಕಾಲ್ಬೆರಳುಗಳು ಮರದ ಕಡೆ ತಿರುಗಿ, ಮತ್ತೆ ನಮ್ಮ ಕಡೆ ತಿರುಗಿದವು.

"ಹಾಗಾದ್ರೆ ಅವರೇ ಕ್ಷಮಿಸ್ಲಿ ಬಿಡು."

ಅಂಚು ಕೆಳಗಿಳಿಯಿತು.

ಶನಿವಾರ ಅಕ್ಕ ಹೊಲಿಗೆ ಯಂತ್ರ, ಹಾಸಿಗೆ, ಕೋಳಿಬುಟ್ಟಿಯನ್ನು ಹಡಗುಕಟ್ಟೆಗೆ ಹೋಗುವ ಬಸ್ಸಿಗೆ ಹಾಕಿಸಿದಳು. ಕಿಟಕಿಯ ಪಕ್ಕ ಕೂತು, ನಿಜಕ್ಕೂ ಎಷ್ಟು ಜನ ನೋಡುತ್ತಿದ್ದರು ಎಂದು ಕೇಳಿದಳು.

"ನಲವತ್ತೊಂದು."

"ಅಷ್ಟೇ ಅಂದಿದ್ರೆ ಎತ್ತುತ್ತಿದ್ನೇನೋ ಕಣೋ."

ಬೈದದ್ದಲ್ಲ. ಬಟ್ಟೆ ಇನ್ನೂ ಒಣಗಿಲ್ಲ ಅನ್ನುವ ಹಾಗೆ ಹೇಳಿದಳು.

ಬಸ್ಸು ಹೋಯಿತು. ನಾನು ಸಾವಿರ ವರ್ಷ ಅಲ್ಲೇ ನಿಂತಿದ್ದೆ. ಅಳು ಬರಲಿಲ್ಲ. ಹಸಿವಾಗಿತ್ತು. ಮನೆಗೆ ಹೋಗಿ, ಅವಳು ಬೇಯಿಸಿಟ್ಟಿದ್ದ ಟಾರೊ ಗಡ್ಡೆಯನ್ನು ತಣ್ಣಗೇ ತಿಂದೆ.