ಡಬ್ಬಿಯ ಕಲ್ಲುಗಳು

ಶಾಲೆ ತಪಾಸಣೆಗೆ ಬಂದ ಸಾಹೇಬರು ಬಾಗಿಲಲ್ಲಿ ನಿಂತು ಕತ್ತಿನ ಬೆವರು ಒರೆಸಿಕೊಳ್ಳುವಷ್ಟರಲ್ಲಿ, ಟೀಚರಮ್ಮ ಕಪ್ಪು ಹಲಗೆಯ ಮೂಲೆಯಲ್ಲಿ 'ಒಟ್ಟು ಮಕ್ಕಳು ೨೧' ಎಂದು ಬರೆದಾಗಿತ್ತು. ಎದುರಿಗಿದ್ದದ್ದು ಹದಿಮೂರೇ. ಇಪ್ಪತ್ತಕ್ಕಿಂತ ಕಡಿಮೆಯಾದರೆ ಶಾಲೆಗೆ ಬೀಗ ಎಂದು ಆದೇಶವಿತ್ತು. ಬೀಗ ಬಿದ್ದರೆ ಈ ಚಿಳ್ಳೆಪಿಳ್ಳೆಗಳು ಲಾರಿ ಓಡುವ ಹೆದ್ದಾರಿ ದಾಟಿ ಇನ್ನೊಂದು ಶಾಲೆಗೆ ಹೋಗಬೇಕು. ಅರ್ಧ ಮಕ್ಕಳು ಹೋಗುವುದೇ ಇಲ್ಲ ಎಂದು ಅವಳಿಗೆ ಗೊತ್ತಿತ್ತು. ಅದಕ್ಕೇ, ಊರು ಬಿಟ್ಟುಹೋದ ಎಂಟು ಮಕ್ಕಳಿಗೂ ಜ್ವರ ಎನ್ನಬೇಕೆಂದು ನಿನ್ನೆಯೇ ಎಲ್ಲರಿಗೂ ಗಿಣಿಪಾಠ ಮಾಡಿಸಿದ್ದಳು.

ಅವಳು ಕಳೆಯುವ ಲೆಕ್ಕ ಕಲಿಸುತ್ತಿದ್ದದ್ದು ಕಲ್ಲಿನಲ್ಲಿ. ಶಾಲೆಗೆ ಸೇರಿದ ದಿನ ಪ್ರತಿ ಮಗುವೂ ಒಂದು ಕಲ್ಲು ತಂದು ಡಬ್ಬಿಗೆ ಹಾಕಬೇಕು. ಬೆಳಿಗ್ಗೆ ಬಂದವರು ತಮ್ಮ ಕಲ್ಲು ತೆಗೆದು ಮೇಜಿನ ಮೇಲಿಡುತ್ತಿದ್ದರು. ಡಬ್ಬಿಯಲ್ಲಿ ಉಳಿದದ್ದು ಬಾರದವರ ಲೆಕ್ಕ. ಸಂಜೆ ಎಲ್ಲ ಮತ್ತೆ ಡಬ್ಬಿಗೆ. ಕಳೆದ ಮೇಲೆ ತಾಳೆ ನೋಡದೆ ಕೂತರೆ ಮಾತ್ರ ಅವಳು ಸುಮ್ಮನೆ ಬಿಡುತ್ತಿರಲಿಲ್ಲ.

ಸಾಹೇಬರು ಎಷ್ಟು ಜನ ಬಂದಿಲ್ಲ ಎಂದು ಕೇಳಿದರು. ಚೂಟಿ ಎಂದೇ ಎಲ್ಲರೂ ಕರೆಯುವ ಹುಡುಗಿ ಎದ್ದು, ದಶಕ ಬಿಡಿಸಿ, ಇಪ್ಪತ್ತೊಂದರಲ್ಲಿ ಹದಿಮೂರು ಕಳೆದು ಎಂಟು ಎಂದು ಬರೆದಳು. ಎಂಟೂ ಜನಕ್ಕೆ ಜ್ವರ ಎಂದೂ ಒಪ್ಪಿಸಿದಳು. ಸಾಹೇಬರು ಭೇಷ್ ಎಂದರು. ಟೀಚರಮ್ಮನಿಗೆ ಹೋದ ಜೀವ ಬಂದಂತಾಯಿತು.

ಚೂಟಿ ಕೂರಲಿಲ್ಲ. ಡಬ್ಬಿ ತಂದು ಮೇಜಿನ ಮೇಲೆ ಬೋರಲು ಹಾಕಿದಳು. ಏನೂ ಬೀಳಲಿಲ್ಲ.

"ತಾಳೆ ಆಗ್ತಿಲ್ಲ ಟೀಚರ್. ಜ್ವರ ಆಗಿದ್ರೆ ಕಲ್ಲು ಇರ್ಬೇಕಿತ್ತು. ಊರು ಬಿಟ್ಟೋದವ್ರು ಅವರವರ ಕಲ್ಲು ತಗೊಂಡೋದ್ರಲ್ಲ."

ಟೀಚರಮ್ಮನ ಮುಖ ಹುಳ್ಳಗಾಯಿತು. ಇಷ್ಟು ವರ್ಷ ಬಡಿದು ಬಡಿದು ಹೇಳಿಕೊಟ್ಟರೂ ತಾಳೆ ನೋಡದ ಮಕ್ಕಳ ನಡುವೆ ಇದೊಂದು ಕಲಿತಿತ್ತು, ಅದೂ ಇವತ್ತು. ಸಾಹೇಬರು ಬೈಯಲಿಲ್ಲ; ಬೈದಿದ್ದರೆ ವಾಸಿಯಿತ್ತು. ಬೀಗದ ಕೈ ನಾಳೆ ಆಫೀಸಿಗೆ ತಂದುಕೊಡಿ ಎಂದಷ್ಟೇ ಹೇಳಿ ಹೊರಟರು.

"ನಾ ಮಾಡಿದ್ದು ತಪ್ಪಾ ಟೀಚರ್?"

ಕೆನ್ನೆಗೆ ಬಾರಿಸಬೇಕೆನ್ನುವಷ್ಟು ಸಿಟ್ಟು ಟೀಚರಮ್ಮನಿಗೆ ಬಂತು. ಕೈಯಲ್ಲಿ ಸೀಮೆಸುಣ್ಣವಿತ್ತು.

"ಇಲ್ಲ. ಸರಿಯಾಗೇ ಮಾಡಿದೀಯ," ಎಂದಳು. ಆಮೇಲೆ ಎಲ್ಲರ ಕಡೆ ತಿರುಗಿದಳು. "ಇವತ್ತು ನಿಮ್ಮ ನಿಮ್ಮ ಕಲ್ಲು ಮನೆಗೆ ತಗೊಂಡೋಗಿ."

ಮಕ್ಕಳು ಖುಷಿಯಿಂದ ನುಗ್ಗಿ, ಕಲ್ಲು ಜೇಬಿಗಿಳಿಸಿ ಓಡಿದರು. ಚೂಟಿಯೊಬ್ಬಳು ಹಿಂದೆ ಉಳಿದಳು.

"ನಾಳೆ ಬೇಕಲ್ವಾ ಟೀಚರ್?" ಎಂದವಳು ತನ್ನ ಕಲ್ಲನ್ನು ಡಬ್ಬಿಗೆ ಹಾಕಿ, ಮುಚ್ಚಳ ಒತ್ತಿ, ಮನೆಗೆ ಹೋದಳು.